‘ಅರ್ನ್ಡ್’: ಒಂದು ಕೂಲಿ ಮಾತಿನ ಕಥೆ

ಇವಿ ಅಂದರೆ ಈಗ ಎಲ್ಲರಿಗೂ ಬ್ಯಾಟರಿ ಗಾಡಿ. ಪ್ರಾಜೆಕ್ಟ್ ಮ್ಯಾನೇಜರುಗಳ ಬಾಯಲ್ಲಿ ಮಾತ್ರ ಆ ಎರಡಕ್ಷರಕ್ಕೆ ಇನ್ನೊಂದು ಅರ್ಥ ಉಳಿದುಕೊಂಡಿದೆ: ಅರ್ನ್ಡ್ ವ್ಯಾಲ್ಯೂ. ಕ್ಷಿಪಣಿ, ಯುದ್ಧವಿಮಾನ, ಹಡಗು ಕಟ್ಟುವವರ ಲೆಕ್ಕದ ಪುಸ್ತಕದಲ್ಲಿ ದಶಕಗಟ್ಟಲೆ ಬಾಳಿದ ಈ ಮಾತು, ಕಳೆದ ಇಪ್ಪತ್ತು ವರ್ಷಗಳಲ್ಲಿ ಸಾಫ್ಟ್‌ವೇರನ್ನು ‘ಸ್ಪ್ರಿಂಟ್’ ಎಂಬ ಸಣ್ಣ ಸಣ್ಣ ಸುತ್ತುಗಳಲ್ಲಿ ಕಟ್ಟುವ ಅಜೈಲ್ ತಂಡಗಳ ಬೋರ್ಡಿನ ಪಕ್ಕಕ್ಕೂ ಬಂದು ಕೂತಿದೆ. ಈ ನೆಂಟಸ್ತನ ಎರಡು ಕಡೆಯವರಿಗೂ ಅಷ್ಟಾಗಿ ಹಿಡಿಸಿಲ್ಲ. ಅಜೈಲ್ ಮಂದಿಗೆ ಅದು ಪೆಂಟಗನ್ನಿನ ಕಾಗದದ ಹೊರೆ. ಲೆಕ್ಕದವರಿಗೆ ಅಜೈಲ್ ಅಂದರೆ ಯೋಜನೆಯಿಲ್ಲದೆ ದುಡಿಯುವುದಕ್ಕೆ ಇಟ್ಟ ಚೆಂದದ ಹೆಸರು. ಜಗಳದ ಬೇರು ಹುಡುಕುತ್ತ ಹೋದರೆ ಕೈಗೆ ಸಿಗುವುದು ‘ಅರ್ನ್ಡ್’ ಎಂಬ ಮೊದಲ ಪದ. ಯಾವ ಕೆಲಸವನ್ನು ಗಳಿಕೆಯ ಖಾತೆಗೆ ಬರೆದುಕೊಳ್ಳಬಹುದು, ಯಾವಾಗ ಬರೆದುಕೊಳ್ಳಬಹುದು, ಬರೆಯುವಾಗ ಯಾರ ಒಪ್ಪಿಗೆ ಬೇಕು? ಈ ಪದದ ಬದುಕೆಲ್ಲ ಈ ಪ್ರಶ್ನೆಗಳ ಸುತ್ತಲೇ ಸವೆದಿದೆ.

ಅದು ಹುಟ್ಟಿದ್ದು ಹೊಲದಲ್ಲಿ. ಹಳೆಯ ಇಂಗ್ಲಿಷಿನಲ್ಲಿ ‘ಎಅರ್ನಿಯನ್’ ಅಂದರೆ ದುಡಿದು ಪಡೆ, ತಕ್ಕವನಾಗು. ಅದರ ಹಿಂದಿರುವ ಜರ್ಮಾನಿಕ್ ಧಾತು ಕೊಯ್ಲಿಗೆ ಸೇರಿದ್ದು. ಜರ್ಮನ್ನರು ಇವತ್ತಿಗೂ ಸುಗ್ಗಿಯನ್ನು ‘ಎರ್ನ್ಟೆ’ ಅನ್ನುತ್ತಾರೆ. ಅಳಿದುಹೋದ ಗಾಥಿಕ್ ಭಾಷೆಯಲ್ಲಿ ‘ಅಸನ್ಸ್’ ಅಂದರೆ ಕೊಯ್ಲಿನ ಕಾಲ. ಕುಡುಗೋಲು ಹಿಡಿದು ಹೊತ್ತು ಮುಳುಗುವ ತನಕ ಬಗ್ಗಿದವನಿಗೆ ದಕ್ಕಿದ್ದೇ ಗಳಿಕೆ. ನಮ್ಮ ‘ಆಯ’ ಕೂಡ ಇದೇ ಕಣ ಹಾದು ಬಂದ ಮಾತು. ಸಂಸ್ಕೃತದಲ್ಲಿ ವರಮಾನ ಎಂಬ ಅರ್ಥದ ಈ ಪದ ಹಳ್ಳಿಗೆ ಬಂದು ಆಯಗಾರನ ಪಾಲಾಯಿತು. ಬಡಗಿ, ಕಮ್ಮಾರ, ತಳವಾರ, ತೋಟಿ ಮುಂತಾದವರಿಗೆ ಸುಗ್ಗಿಯಾದ ಮೇಲೆ ರಾಶಿಯಿಂದ ಅಳೆದು ಕೊಡುತ್ತಿದ್ದ ಕಾಳೇ ಆಯ. ಅದೇ ಪದ ಈಗ ವಿಧಾನಸೌಧದಲ್ಲಿ ‘ಆಯವ್ಯಯ’ ಪತ್ರವಾಗಿ ಮಂಡನೆಯಾಗುತ್ತದೆ. ಆಯಗಾರ ವರ್ಷವಿಡೀ ಊರಿಗೆ ಸಿಕ್ಕುವಂತಿದ್ದುದಕ್ಕೆ ಪಾಲು ಪಡೆಯುತ್ತಿದ್ದ. ಗುತ್ತಿಗೆ ಹಿಡಿದು ಕೊಯ್ದವನು ಎಷ್ಟು ಕೊಯ್ದ ಅನ್ನುವುದರ ಮೇಲೆ ಕೂಲಿ ಪಡೆಯುತ್ತಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಒಪ್ಪಂದಗಳಲ್ಲಿ ಇಂದು ‘ಟೈಮ್ ಅಂಡ್ ಮೆಟೀರಿಯಲ್’, ‘ಫಿಕ್ಸೆಡ್ ಪ್ರೈಸ್’ ಎಂದು ಕರೆಸಿಕೊಳ್ಳುವ ಎರಡು ಪಂಥಗಳು ಇಷ್ಟು ಹಳೆಯವು.

ಹೊಲದಿಂದ ಕಾರ್ಖಾನೆಗೆ ಬಂದಾಗ ಪದ ಮಗ್ಗುಲು ಬದಲಿಸಿತು. 19ನೇ ಶತಮಾನದ ಕೊನೆಗೆ ಅಮೆರಿಕದ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದ ಇಂಜಿನಿಯರುಗಳ ಹೊಸ ಪಂಗಡವೊಂದು ಹುಟ್ಟಿತು. ಫ್ರೆಡರಿಕ್ ಟೇಲರ್ 1895ರಲ್ಲಿ ಪೀಸ್ ರೇಟಿನ ಮೇಲೆ ಪ್ರಬಂಧ ಓದಿದ. ಅವನ ಸುತ್ತಮುತ್ತ ಹೆನ್ರಿ ಗ್ಯಾಂಟ್, ಗಿಲ್‌ಬ್ರೆತ್ ದಂಪತಿ. ಒಂದು ಬಿಡಿಭಾಗ ಕಡೆಯಲು ಎಷ್ಟು ಹೊತ್ತು ಹಿಡಿಯಬೇಕು ಎಂದು ಅಳೆದು ಅವರು ‘ಸ್ಟ್ಯಾಂಡರ್ಡ್ ಅವರ್’ ಗೊತ್ತು ಮಾಡಿದರು. ಒಂದು ಭಾಗಕ್ಕೆ 2 ಗಂಟೆ ಎಂದು ಗೊತ್ತಾಗಿದೆ ಅನ್ನೋಣ. ಪಾಳಿ ಮುಗಿದಾಗ 5 ಭಾಗ ತಪಾಸಣೆ ದಾಟಿ ಬಂದಿವೆ. ಕೂಲಿಯ ಲೆಕ್ಕದಲ್ಲಿ 12 ಗಂಟೆ ಖರ್ಚಾಗಿದೆ. ಆಗ ಆ ಲೇತಿನ ಗಳಿಕೆ 10 ಗಂಟೆ. ಕಡೆದು ಕೆಟ್ಟ ತುಂಡು ಗುಜರಿಗೆ ಹೋಗುತ್ತದೆ, ಗಳಿಕೆಗೆ ಬರುವುದಿಲ್ಲ. ಇದಕ್ಕೆ ಮೊದಲು ಗಳಿಸುತ್ತಿದ್ದವನು ಮನುಷ್ಯ, ಗಳಿಸುತ್ತಿದ್ದುದು ದುಡ್ಡು. ಈಗ ಕೆಲಸವೇ ಗಳಿಸತೊಡಗಿತು, ಗಳಿಸಿದ್ದು ಗಂಟೆಗಳನ್ನು. ಆಳಿನ ಜೇಬಿಗೆ ಎಷ್ಟು ಬಂತು ಅನ್ನುವುದು ಬೇರೆ ಸಾಲಿನ ಲೆಕ್ಕವಾಯಿತು. ಯೋಜಿಸಿದ್ದು, ಗಳಿಸಿದ್ದು, ಖರ್ಚಾದದ್ದು ಎಂಬ ಮೂರು ಕಾಲಂಗಳ ಪಟ್ಟಿ ಆಗ ಶುರುವಾಯಿತು, ಇನ್ನೂ ಮುಗಿದಿಲ್ಲ.

ಮುಂದಿನ ನೆಗೆತ ಕ್ಷಿಪಣಿಗಳ ಕಾಲದ್ದು. 1958ರ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ‘ಪೆರ್ಟ್’ ಎಂಬ ಜಾಲನಕ್ಷೆಯ ಪದ್ಧತಿ ರೂಪಿಸಿತ್ತು. 1962ರಲ್ಲಿ ರಕ್ಷಣಾ ಇಲಾಖೆ ಮತ್ತು ನಾಸಾ ಸೇರಿ ಅದಕ್ಕೆ ಹಣದ ಲೆಕ್ಕ ಜೋಡಿಸಿ ‘ಪೆರ್ಟ್ ಕಾಸ್ಟ್’ ಹೊರತಂದವು. ಅದು ಬಹುಕಾಲ ಬಾಳಲಿಲ್ಲ. ಆದರೆ ವಾಯುಪಡೆಯ ಮಿನಿಟ್‌ಮನ್ ಕ್ಷಿಪಣಿ ಕಾರ್ಯಕ್ರಮದಲ್ಲಿ ಅದರ ಒಳಗಿದ್ದ ಕಾರ್ಖಾನೆಯ ಮೂರು ಕಾಲಂಗಳು ಬೇರೂರಿದವು. ಸಮಸ್ಯೆ ಸರಳವಾಗಿತ್ತು. ಈ ವರ್ಷ 10 ಕೋಟಿ ಡಾಲರ್ ಖರ್ಚು ಮಾಡುತ್ತೇವೆ ಎಂದ ಗುತ್ತಿಗೆದಾರ ವರ್ಷದ ಕೊನೆಗೆ ಸರಿಯಾಗಿ 10 ಕೋಟಿ ಖರ್ಚು ಮಾಡಿ ಬಂದು ನಿಂತರೆ, ಕೆಲಸ ಸರಿಯಾಗಿ ನಡೆದಿದೆ ಎಂದು ಹೇಳಬಹುದೇ? 6 ಕೋಟಿಯಷ್ಟೇ ಕೆಲಸ ಆಗಿರಬಹುದು. ಖರ್ಚು ಮತ್ತು ಅಂದಾಜು ಎರಡನ್ನೇ ಹೋಲಿಸಿದವನಿಗೆ ಅದು ಕಾಣುವುದಿಲ್ಲ. ನಡುವೆ ಗಳಿಕೆಯ ಕಾಲಂ ಇದ್ದರೆ ಮಾತ್ರ ಕಾಣುತ್ತದೆ.

ಪದ ಹೀಗೆ ಮೇಲೇರುತ್ತಿರುವಾಗಲೇ ಅದಕ್ಕೆ ಅಜ್ಞಾತವಾಸ ಒದಗಿತು. 1967ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ದೊಡ್ಡ ಗುತ್ತಿಗೆಗಳಿಗೆಲ್ಲ ಅನ್ವಯವಾಗುವಂತೆ 35 ಮಾನದಂಡಗಳನ್ನು ಹೊರಡಿಸಿತು. ಅಧಿಕೃತ ಹೆಸರು ‘ಕಾಸ್ಟ್ ಶೆಡ್ಯೂಲ್ ಕಂಟ್ರೋಲ್ ಸಿಸ್ಟಮ್ಸ್ ಕ್ರೈಟೀರಿಯಾ’. ಬಲ್ಲವರ ಬಾಯಲ್ಲಿ ‘ಸಿ-ಸ್ಪೆಕ್’. ಅದರಲ್ಲಿ ‘ಅರ್ನ್ಡ್’ ವೇಷ ಮರೆಸಿಕೊಂಡಿತು. ಅದರ ಜಾಗದಲ್ಲಿ ‘ಬಜೆಟೆಡ್ ಕಾಸ್ಟ್ ಆಫ್ ವರ್ಕ್ ಪರ್ಫಾರ್ಮ್ಡ್’, ಅಂದರೆ ಬಿಸಿಡಬ್ಲ್ಯೂಪಿ. ಪಕ್ಕದಲ್ಲಿ ಯೋಜಿಸಿದ್ದಕ್ಕೆ ಬಿಸಿಡಬ್ಲ್ಯೂಎಸ್, ಖರ್ಚಾದದ್ದಕ್ಕೆ ಎಸಿಡಬ್ಲ್ಯೂಪಿ. ‘ಗಳಿಸಿದ್ದೆಷ್ಟು?’ ಎಂಬ ಒಂದು ಉಸಿರಿನ ಪ್ರಶ್ನೆ ಹೋಗಿ, ತರಬೇತಿ ಪಡೆದವರಷ್ಟೇ ಕೇಳಬಲ್ಲ ಪ್ರಶ್ನೆ ಬಂತು. ನನಗೆ ಅನ್ನಿಸುವುದು, ಈ ಪದ್ಧತಿಗೆ ಬಂದ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಈ ಅಕ್ಷರಗಳದ್ದೇ. ಇಂಜಿನಿಯರುಗಳು ಅದನ್ನು ಲೆಕ್ಕಪತ್ರದವರ ಮಂತ್ರ ಎಂದು ಬಿಟ್ಟುಕೊಟ್ಟರು. ಲೆಕ್ಕಪತ್ರದವರು ಅಂಗಳದಲ್ಲಿ ಏನು ತಯಾರಾಗುತ್ತಿದೆ ಎಂದು ನೋಡಲು ಹೋಗಲಿಲ್ಲ.

ಗಳಿಕೆಯ ನಿಜ ಹೇಳುವುದು ಅಗ್ಗದ ಕೆಲಸವೂ ಆಗಿರಲಿಲ್ಲ. ಅರ್ನೆಸ್ಟ್ ಫಿಟ್ಜ್‌ಜೆರಾಲ್ಡ್ ಎಂಬ ಕೈಗಾರಿಕಾ ಇಂಜಿನಿಯರ್ ವಾಯುಪಡೆಯಲ್ಲಿ ವೆಚ್ಚದ ಮೇಲೆ ಕಣ್ಣಿಡುವ ಹುದ್ದೆಯಲ್ಲಿದ್ದ. 1968ರ ನವೆಂಬರಿನಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅವರ ಸಮಿತಿ ಅವನನ್ನು ಕರೆಸಿ, ಸಿ-5ಎ ಸಾರಿಗೆ ವಿಮಾನದ ಖರ್ಚು ಅಂದಾಜಿಗಿಂತ ಸುಮಾರು 200 ಕೋಟಿ ಡಾಲರ್ ಮೀರಲಿದೆಯೇ ಎಂದು ಕೇಳಿತು. ಅವನು ಅಲ್ಲಗಳೆಯಲಿಲ್ಲ. ಕೆಲವೇ ದಿನಗಳಲ್ಲಿ ಅವನ ನೌಕರಿಯ ಭದ್ರತೆ ಕಳಚಿತು, ಆಮೇಲೆ ಹುದ್ದೆಯೇ ರದ್ದಾಯಿತು. ಮರಳಿ ಸರಿಯಾದ ಕುರ್ಚಿ ಸಿಗಲು 1982ರ ತನಕ ಕಾದಾಡಿದ. ಅವನು ಹೂಡಿದ ಮೊಕದ್ದಮೆಗಳಲ್ಲಿ ಒಂದು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, ಅಧ್ಯಕ್ಷನಾಗಿ ಮಾಡಿದ ಕೆಲಸಕ್ಕಾಗಿ ಅಧ್ಯಕ್ಷನಿಂದ ಪರಿಹಾರ ಕೇಳುವಂತಿಲ್ಲ ಎಂಬ ತೀರ್ಪಾಯಿತು. ‘ನಿಕ್ಸನ್ ವರ್ಸಸ್ ಫಿಟ್ಜ್‌ಜೆರಾಲ್ಡ್’ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಖರ್ಚಿಗೂ ಕೆಲಸಕ್ಕೂ ತಾಳೆ ಹಾಕಲು ಹೋದವನ ಹೆಸರು ಸಂವಿಧಾನ ಕಾನೂನಿನ ಪಠ್ಯಪುಸ್ತಕಗಳಲ್ಲಿ ಉಳಿದದ್ದು ಹೀಗೆ.

ಅಂಕಿಗಳು ಸುಳ್ಳು ಹೇಳದಿದ್ದರೂ ಓದುವವನು ಬೇಕಲ್ಲ. ನೌಕಾಪಡೆಯ ಎ-12 ಅವೆಂಜರ್ II ಯುದ್ಧವಿಮಾನದ ಕಥೆ ಅದಕ್ಕೆ ಸಾಕ್ಷಿ. ಮೆಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಮಿಕ್ಸ್ ಕಂಪನಿಗಳಿಗೆ 1988ರಲ್ಲಿ ಕೊಟ್ಟ ಗುತ್ತಿಗೆ ಅದು. ಗಳಿಕೆ ಹಿಂದೆ ಬೀಳುತ್ತಿದೆ, ಖರ್ಚು ಮುಂದೆ ಓಡುತ್ತಿದೆ ಎಂದು ತಿಂಗಳ ವರದಿಗಳು ತೋರಿಸುತ್ತಲೇ ಇದ್ದವು. ಮೇಲಿನವರಿಗೆ ಹೋದ ಮಾತು ಮಾತ್ರ ‘ಸುಧಾರಿಸುತ್ತದೆ’ ಎಂಬುದು. ಚೆಸ್ಟರ್ ಪಾಲ್ ಬೀಚ್ ನಡೆಸಿದ ಆಂತರಿಕ ವಿಚಾರಣೆ ಇದನ್ನೆಲ್ಲ ಬಿಡಿಸಿಟ್ಟಿತು. 1991ರ ಜನವರಿ 7ರಂದು ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ಯೋಜನೆಯನ್ನೇ ರದ್ದು ಮಾಡಿದರು. ಒಂದು ವಿಮಾನವೂ ಹಾರಲಿಲ್ಲ. ನ್ಯಾಯಾಲಯದ ಜಗಳ ಮುಗಿದದ್ದು 2014ರಲ್ಲಿ. ಆ ಪೆಟ್ಟಿನ ನಂತರ, ಈ ಅಂಕಿಗಳು ಲೆಕ್ಕಪರಿಶೋಧಕರಿಗಷ್ಟೇ ಅಲ್ಲ, ಕೆಲಸ ನಡೆಸುವವನಿಗೇ ಬೇಕು ಎಂಬ ಮಾತು ಬಲವಾಯಿತು. ಉದ್ಯಮದವರೇ ಕೂತು 35 ಮಾನದಂಡಗಳನ್ನು 32ಕ್ಕೆ ಇಳಿಸಿ ಸರಳ ಭಾಷೆಗೆ ತಂದರು. 1998ರಲ್ಲಿ ಅದು ಇಐಎ-748 ಎಂಬ ರಾಷ್ಟ್ರೀಯ ಮಾನಕವಾಯಿತು. ಶೀರ್ಷಿಕೆಯಲ್ಲೇ ‘ಅರ್ನ್ಡ್ ವ್ಯಾಲ್ಯೂ’ ಮರಳಿತ್ತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟಿನ ಕೈಪಿಡಿಯ 2000ದ ಆವೃತ್ತಿ ಮೂರು ಕಾಲಂಗಳನ್ನು ಪಿವಿ (ಯೋಜಿಸಿದ್ದು), ಇವಿ (ಗಳಿಸಿದ್ದು), ಎಸಿ (ಖರ್ಚಾದದ್ದು) ಎಂದು ಕರೆಯಿತು. ಬೆಂಗಳೂರಿನ ಪಿಎಂಪಿ ಪರೀಕ್ಷೆಯ ಕೋಚಿಂಗ್ ತರಗತಿಗಳಲ್ಲಿ ಉರು ಹೊಡೆಯುವುದು ಈ ಮೂರನ್ನೇ.

ಹೆಸರು ಮರಳಿತು, ಆದರೆ ಕಾರ್ಖಾನೆಯ ಆ ಹಳೆಯ ಬಿಗಿ ಮರಳಲಿಲ್ಲ. ಲೇತಿನ ಮುಂದೆ ತುಂಡು ತಪಾಸಣೆ ದಾಟಿತೇ ಇಲ್ಲವೇ ಎಂಬ ಎರಡೇ ಉತ್ತರ ಇತ್ತು. ವರ್ಷಗಟ್ಟಲೆ ಎಳೆಯುವ ವಿನ್ಯಾಸದ ಕೆಲಸಕ್ಕೆ ಅಷ್ಟು ಬಿಗಿ ಒಗ್ಗದು ಎಂದು ನಾನಾ ನಿಯಮಗಳು ಹುಟ್ಟಿಕೊಂಡವು. ಶುರುವಾದಾಗ ಅರ್ಧ, ಮುಗಿದಾಗ ಅರ್ಧ ಬರೆದುಕೊಳ್ಳುವ 50-50. ಮುಗಿಯುವವರೆಗೆ ಸೊನ್ನೆ, ಮುಗಿದಾಗ ಪೂರ್ತಿ ಎನ್ನುವ 0-100. ಮೇಲ್ವಿಚಾರಣೆಯಂಥ ಕೆಲಸಕ್ಕೆ ದಿನ ಕಳೆದಂತೆ ತಾನಾಗಿ ಗಳಿಕೆ ಸೇರುವ ‘ಲೆವೆಲ್ ಆಫ್ ಎಫರ್ಟ್’. ಆಯಗಾರನ ಪದ್ಧತಿ ಅಂದರೂ ನಡೆದೀತು. ಇವುಗಳಲ್ಲಿ ಅತಿ ಅಪಾಯದ್ದು, ಮಾಡುವವನೇ ಅಂದಾಜಿನಲ್ಲಿ ಹೇಳುವ ‘ಪರ್ಸೆಂಟ್ ಕಂಪ್ಲೀಟ್’. ಸಾಫ್ಟ್‌ವೇರಿನಲ್ಲಿ ಇದು ತಂದ ಅನಾಹುತ ಎಲ್ಲರಿಗೂ ಗೊತ್ತು. ಮೂರನೇ ವಾರ 80, ನಾಲ್ಕನೇ ವಾರ 90, ಅಲ್ಲಿಂದ ಮುಂದೆ ತಿಂಗಳುಗಟ್ಟಲೆ 90. ‘ಆಲ್ಮೋಸ್ಟ್ ಆಗಿದೆ ಸಾರ್, ಟೆಸ್ಟಿಂಗ್ ಒಂದು ಬಾಕಿ’ ಎಂಬ ವಾಕ್ಯದ ಮೇಲೆ ಎಷ್ಟು ಗಳಿಕೆ ಬರೆದುಕೊಳ್ಳಲಾಗಿದೆಯೋ.

ಇತ್ತ ಅಜೈಲಿನವರ ಕಡೆ ಬರೋಣ. 1990ರ ದಶಕದ ನಡುವೆ ಕ್ರೈಸ್ಲರ್ ಕಾರು ಕಂಪನಿಯಲ್ಲಿ ‘ಸಿ3’ ಎಂಬ ಪ್ರಾಜೆಕ್ಟು ನಡೆಯುತ್ತಿತ್ತು. ಕೆಂಟ್ ಬೆಕ್, ರಾನ್ ಜೆಫ್ರೀಸ್ ಮತ್ತು ಸಂಗಡಿಗರು ಅಲ್ಲಿ ರೂಪಿಸಿದ ಕೆಲಸದ ಕ್ರಮಕ್ಕೇ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂದು ಹೆಸರಾಯಿತು. ಆ ಪ್ರಾಜೆಕ್ಟು ಏನೆಂದರೆ ವೇತನ ಲೆಕ್ಕ ಹಾಕುವ ತಂತ್ರಾಂಶ, ಕಾರ್ಮಿಕರ ಗಳಿಕೆಯ ಲೆಕ್ಕ! 1997ರಲ್ಲಿ ಸುಮಾರು 10,000 ನೌಕರರಿಗೆ ಸಂಬಳ ಕೊಡಲು ಶುರುಮಾಡಿದ ಅದು, ಉಳಿದವರನ್ನು ತಲುಪುವ ಮೊದಲೇ 2000ದಲ್ಲಿ ನಿಂತುಹೋಯಿತು. ಅಲ್ಲಿ ಅಂದಾಜನ್ನು ಮೊದಲು ‘ಐಡಿಯಲ್ ಡೇ’ ಲೆಕ್ಕದಲ್ಲಿ ಹೇಳುತ್ತಿದ್ದರು: ಯಾರೂ ಅಡ್ಡಿ ಮಾಡದಿದ್ದರೆ ಇಷ್ಟು ದಿನ. ನಿಜವಾಗಿ ಅದರ ಸುಮಾರು ಮೂರು ಪಟ್ಟು ಹಿಡಿಯುತ್ತಿತ್ತು. ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆ ಎಂದು ಕೇಳುವವರಿಗೆ ಉತ್ತರಿಸಿ ಸಾಕಾಗಿ, ದಿನ ಎಂಬ ಹೆಸರು ಬಿಟ್ಟು ‘ಪಾಯಿಂಟ್’ ಎಂದು ಕರೆದರಂತೆ. ‘ಸ್ಟೋರಿ’ ಎಂಬ ಸಣ್ಣ ಕೆಲಸದ ಗಾತ್ರ ಹೇಳುವ ಈ ಸ್ಟೋರಿ ಪಾಯಿಂಟನ್ನು ಕಂಡುಹಿಡಿದದ್ದು ತಾನೇ ಇರಬಹುದು, ಹಾಗಿದ್ದರೆ ಅದಕ್ಕಾಗಿ ವಿಷಾದವಿದೆ ಎಂಬ ಅರ್ಥದ ಮಾತನ್ನು ಜೆಫ್ರೀಸ್ ಮುಂದೆ ಬರೆದರು. ಕಾಲವನ್ನು ಕಣ್ಣಿಂದ ಮರೆಸಲು ಹುಟ್ಟಿದ ಅಳತೆಗೋಲು ಇದು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

2001ರ ಫೆಬ್ರುವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮೇಲು ಎಂಬುದು ಅದರ ನಾಲ್ಕು ಆಯ್ಕೆಗಳಲ್ಲಿ ಒಂದು. ಗಳಿಕೆಯ ಲೆಕ್ಕದವರು ಇದನ್ನು ಓದಿ ಬೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಯೋಜನೆ ಸ್ಥಿರವಾಗಿ ನಿಲ್ಲದಿದ್ದರೆ ಯಾವುದರ ಎದುರು ಗಳಿಕೆ ಅಳೆಯುವುದು? ಆದರೆ ಅದೇ ಪ್ರಣಾಳಿಕೆಯ ಹಿಂದಿನ ತತ್ವಗಳಲ್ಲಿ, ಪ್ರಗತಿಯ ಮುಖ್ಯ ಅಳತೆ ಓಡುವ ತಂತ್ರಾಂಶವೇ ಎಂಬ ಮಾತೂ ಇತ್ತು. ಸ್ಪ್ರಿಂಟಿನ ಕೊನೆಗೆ ಸ್ಟೋರಿ ‘ಡನ್’ ಅಥವಾ ‘ನಾಟ್ ಡನ್’. 90 ಭಾಗ ಆಗಿದ್ದಕ್ಕೆ ಒಂದು ಪಾಯಿಂಟೂ ಇಲ್ಲ. ತಂಡಗಳ ಮಾತಿನಲ್ಲಿ ‘ಡನ್ ಡನ್’ ಎಂದು ಎರಡು ಸಲ ಹೇಳುವ ರೂಢಿ ಬಂದದ್ದೇ, ಕೋಡು ಬರೆದು ಮುಗಿದದ್ದಕ್ಕೂ ಪರೀಕ್ಷೆ ದಾಟಿ ಬಳಕೆಗೆ ಸಿದ್ಧವಾದದ್ದಕ್ಕೂ ಇರುವ ದೂರ ತೋರಿಸಲು. ಇದು ಸಿ-ಸ್ಪೆಕ್ ಲೋಕದ 0-100 ನಿಯಮವೇ. ಅದಕ್ಕೂ ಹಿಂದೆ ಹೋದರೆ ಲೇತಿನ ಪಕ್ಕದ ತಪಾಸಣೆಗಾರ. ಪೆಂಟಗನ್ನಿನ ಲೆಕ್ಕ ಸಡಿಲ ಬಿಟ್ಟಿದ್ದ ಹಗ್ಗವನ್ನು ಮತ್ತೆ ಬಿಗಿದವರು, ಆ ಲೆಕ್ಕವನ್ನು ಕಂಡರಾಗದ ಪ್ರೋಗ್ರಾಮರುಗಳು!

ಇಬ್ಬರನ್ನೂ ಒಂದೇ ಪುಟಕ್ಕೆ ತಂದ ಪ್ರಯತ್ನಗಳಲ್ಲಿ ಹೆಚ್ಚು ಹೆಸರಾದದ್ದು 2006ರದ್ದು. ಆ ವರ್ಷದ ಅಜೈಲ್ ಸಮ್ಮೇಳನದಲ್ಲಿ ತಮಾರಾ ಸುಲೈಮಾನ್, ಬ್ರೆಂಟ್ ಬಾರ್ಟನ್, ಥಾಮಸ್ ಬ್ಲ್ಯಾಕ್‌ಬರ್ನ್ ‘ಅಜೈಲ್ ಇವಿಎಂ’ (ಇವಿಎಂ ಅಂದರೆ ಅರ್ನ್ಡ್ ವ್ಯಾಲ್ಯೂ ಮ್ಯಾನೇಜ್‌ಮೆಂಟ್) ಎಂಬ ಪ್ರಬಂಧ ಮಂಡಿಸಿದರು. ಸೂತ್ರ ಸಣ್ಣದು. ರಿಲೀಸಿನ ಒಟ್ಟು ಪಾಯಿಂಟುಗಳಲ್ಲಿ ಎಷ್ಟು ಡನ್ ಆಗಿವೆ ಎಂಬ ಪ್ರಮಾಣವನ್ನು ಒಟ್ಟು ಬಜೆಟ್ಟಿನಿಂದ ಗುಣಿಸಿದರೆ ಗಳಿಕೆ. ಒಟ್ಟು ಸ್ಪ್ರಿಂಟುಗಳಲ್ಲಿ ಎಷ್ಟು ಕಳೆದಿವೆ ಎಂಬ ಪ್ರಮಾಣದಿಂದ ಗುಣಿಸಿದರೆ ಯೋಜಿಸಿದ್ದು.

ಒಂದು ಲೆಕ್ಕ ಮಾಡಿಯೇ ನೋಡೋಣ. ರಿಲೀಸಿಗೆ 1 ಕೋಟಿ ರೂಪಾಯಿ, 10 ಸ್ಪ್ರಿಂಟು, 200 ಪಾಯಿಂಟು. 4 ಸ್ಪ್ರಿಂಟು ಕಳೆದಿವೆ, ಆದ್ದರಿಂದ ಯೋಜಿಸಿದ್ದು 40 ಲಕ್ಷ. ಡನ್ ಆದದ್ದು 60 ಪಾಯಿಂಟು, ಅಂದರೆ 100ಕ್ಕೆ 30. ಗಳಿಕೆ 30 ಲಕ್ಷ. ಸಂಬಳ, ಸರ್ವರ್ ಎಲ್ಲ ಸೇರಿ ಖರ್ಚಾದದ್ದು 45 ಲಕ್ಷ. ಗಳಿಕೆಯನ್ನು ಖರ್ಚಿನಿಂದ ಭಾಗಿಸಿದರೆ 0.67. ರೂಪಾಯಿ ಹಾಕಿದರೆ 67 ಪೈಸೆಯ ಕೆಲಸ. ಇದೇ ಹದದಲ್ಲಿ ಹೋದರೆ 1 ಕೋಟಿಯ ಕೆಲಸ 1.5 ಕೋಟಿಗೆ ಮುಗಿಯುತ್ತದೆ. 10 ಸ್ಪ್ರಿಂಟು ಕಾದು ಅಳುವ ಬದಲು ನಾಲ್ಕನೆಯದರಲ್ಲೇ ಇದು ತಿಳಿದದ್ದು ಲಾಭವೇ. ಉಳಿದ ಕೆಲಸವನ್ನಷ್ಟೇ ತೋರಿಸುವ ಬರ್ನ್‌ಡೌನ್ ಚಾರ್ಟ್ ನೋಡುವವನಿಗೆ ಕೆಲಸ ತಡವಾಗಿದೆ ಎಂದು ಗೊತ್ತಾದೀತು, ಹಣದ ಕಥೆ ಗೊತ್ತಾಗದು.

ಈಗ ಐದನೇ ಸ್ಪ್ರಿಂಟಿನ ಹೊಸ್ತಿಲಲ್ಲಿ ಗ್ರಾಹಕನ ಕಡೆಯವರು ಬಂದು 40 ಪಾಯಿಂಟಿನ ಹೊಸ ಸ್ಟೋರಿ ಸೇರಿಸಿ, 20 ಪಾಯಿಂಟಿನ ಹಳೆಯವನ್ನು ತೆಗೆದರು ಅನ್ನಿ. ಅಜೈಲಿನಲ್ಲಿ ಇದು ದಿನನಿತ್ಯದ ವ್ಯವಹಾರ, ಯಾರ ತಪ್ಪೂ ಅಲ್ಲ. ಒಟ್ಟು 220 ಆಯಿತು. ಡನ್ ಆದದ್ದು ಅದೇ 60. ಗಳಿಕೆ 27.27 ಲಕ್ಷಕ್ಕೆ ಇಳಿಯಿತು, ಕೊನೆಯ ಖರ್ಚಿನ ಮುನ್ನಂದಾಜು 1.65 ಕೋಟಿಗೆ ಏರಿತು. ನಿನ್ನೆ ಗಳಿಸಿದ 2.73 ಲಕ್ಷ ಇವತ್ತು ಎಲ್ಲಿ ಹೋಯಿತು? ಒಂದು ಸಾಲು ಕೋಡೂ ಅಳಿಸಿಲ್ಲ, ಒಂದು ಟೆಸ್ಟೂ ಫೇಲಾಗಿಲ್ಲ. ಕೊಯ್ದು ಕಟ್ಟಿದ ಸಿವುಡು ಕಣದಲ್ಲಿರುವಾಗ, ಪಕ್ಕದ ಹೊಲವನ್ನೂ ನೀನೇ ಕೊಯ್ಯಬೇಕು ಎಂದು ಹೇಳಿ ನಿನ್ನೆಯ ಕೂಲಿಯಲ್ಲಿ ಕಡಿತ ಮಾಡಿದ ಹಾಗೆ. ಗಣಿತ ತಪ್ಪಿಲ್ಲ, ಒಟ್ಟು ಬಜೆಟ್ಟು ಹಿಗ್ಗದೆ ಕೆಲಸ ಹಿಗ್ಗಿದರೆ ಒಂದೊಂದು ಪಾಯಿಂಟಿನ ಬೆಲೆ ಕುಗ್ಗಲೇಬೇಕು. ಆದರೆ ‘ಅರ್ನ್ಡ್’ ಎಂಬ ಪದ ಸಾವಿರ ವರ್ಷ ಹೊತ್ತು ತಂದ ಭರವಸೆ, ದುಡಿದದ್ದು ದಕ್ಕಿತು ಎಂಬುದು, ಇಲ್ಲಿ ಬಿರುಕು ಬಿಡುತ್ತದೆ. ತಂಡಗಳಿಗೆ ಈ ಲೆಕ್ಕ ಕಂಡರೆ ಆಗದಿರುವುದಕ್ಕೆ ಕಾಗದಪತ್ರದ ಬೇಸರಕ್ಕಿಂತ ಇದು ದೊಡ್ಡ ಕಾರಣ ಎಂದೇ ನನ್ನ ನಂಬಿಕೆ.

ಇನ್ನೊಂದು ಬಿರುಕು ಪಾಯಿಂಟಿನದ್ದೇ. ಲೇತಿನ ಗಂಟೆಯನ್ನು ಅಳೆದವನು ಹೊರಗಿನವನು. ಪಾಯಿಂಟನ್ನು ಟಂಕಿಸುವುದು ತಂಡ, ಗಳಿಸುವುದೂ ತಂಡ. ವೆಲಾಸಿಟಿ, ಅಂದರೆ ಸ್ಪ್ರಿಂಟಿಗೆ ಮುಗಿಸುವ ಪಾಯಿಂಟು, ಏರಬೇಕು ಎಂದು ಮೇಲಿನಿಂದ ಒತ್ತಡ ಬಂದ ಮರುದಿನವೇ 3 ಪಾಯಿಂಟಿನ ಸ್ಟೋರಿ 5 ಆಗುತ್ತದೆ. ಯಾರೂ ಸುಳ್ಳು ಹೇಳುವುದಿಲ್ಲ. ಅಂದಾಜು ಮೆಲ್ಲಗೆ ಉಬ್ಬುತ್ತದೆ ಅಷ್ಟೇ. ವೈಟ್‌ಫೀಲ್ಡಿನ ತಂಡದ 5, ಪುಣೆಯ ತಂಡದ 5 ಒಂದೇ ತೂಕದವಲ್ಲ. ಇಂಥ ನಾಣ್ಯಗಳನ್ನು ಕೂಡಿಸಿ ಇಡೀ ಕಾರ್ಯಕ್ರಮದ ಗಳಿಕೆ ಎಂದು ಬೋರ್ಡ್ ರೂಮಿನ ಪರದೆಯ ಮೇಲೆ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಅಮೆರಿಕದ ರಕ್ಷಣಾ ಇಲಾಖೆ 2016ರಲ್ಲಿ ಅಜೈಲ್ ಮತ್ತು ಗಳಿಕೆಯ ಲೆಕ್ಕವನ್ನು ಒಟ್ಟಿಗೆ ನಡೆಸುವವರಿಗಾಗಿ ಒಂದು ಕೈಪಿಡಿ ಹೊರತಂದಿತು. ಅಲ್ಲಿನ ಉಪಾಯದಲ್ಲಿ ವಿವೇಕವಿದೆ. ಬೆಲೆ ಕಟ್ಟಬೇಕಾದದ್ದು ಫೀಚರಿಗೆ. ಗ್ರಾಹಕ ಹೆಸರಿಟ್ಟು ಕರೆಯಬಲ್ಲ, ಬಂದಾಗ ಬಂತು ಎಂದು ನೋಡಬಲ್ಲ ಗಾತ್ರದ ಕೆಲಸ ಅದು. ಫೀಚರಿಗೆ ಗೊತ್ತಾದ ಬಜೆಟ್ಟಿರುತ್ತದೆ, ಮುಗಿಯಿತು ಅನ್ನಲು ಮೊದಲೇ ಬರೆದಿಟ್ಟ ಷರತ್ತುಗಳಿರುತ್ತವೆ. ಅದರ ಒಳಗೆ ಸ್ಟೋರಿಗಳು ಬರಲಿ, ಹೋಗಲಿ, ಒಡೆಯಲಿ, ಕೂಡಲಿ; ಮೂಲ ಯೋಜನೆಗೆ ಕೈ ಹಚ್ಚುವಂತಿಲ್ಲ. ಫೀಚರು ಎಷ್ಟು ಭಾಗ ಆಯಿತು ಎಂದು ತಿಳಿಯಲು ಆ ಫೀಚರಿನೊಳಗಿನ ಪಾಯಿಂಟುಗಳು ಸಾಕು. ಪಾಯಿಂಟು ತನ್ನ ತಂಡದ ಗಡಿ ದಾಟಿ ಬೇರೆಯವರ ಪಾಯಿಂಟಿನ ಜೊತೆ ಕೂಡಿಕೊಳ್ಳುವುದಿಲ್ಲ. ದೂರದ ಕೆಲಸವನ್ನು ದಪ್ಪ ಗೆರೆಯಲ್ಲಿ ಬರೆದಿಟ್ಟು ಹತ್ತಿರ ಬಂದಂತೆ ಬಿಡಿಸುವ ‘ರೋಲಿಂಗ್ ವೇವ್’ ಪದ್ಧತಿ ಲೆಕ್ಕದವರ ಕೈಯಲ್ಲಿ ಮೊದಲಿನಿಂದಲೂ ಇತ್ತು. ಅಜೈಲಿನ ರಿಲೀಸ್ ಪ್ಲಾನಿಂಗ್ ಅದರ ಮೈಮೇಲೆ ಸಲೀಸಾಗಿ ಕೂರುತ್ತದೆ. ಯೋಜನೆ ಅಂದರೆ ಮೊದಲ ದಿನವೇ ಕೊನೆಯ ದಿನದ ವಿವರ ಬರೆಯುವುದು ಎಂಬ ಕಲ್ಪನೆ ಇಐಎ-748ರಲ್ಲಿ ಇಲ್ಲ, ಕೆಟ್ಟ ಮ್ಯಾನೇಜರುಗಳಲ್ಲಿ ಇದೆ.

ವೇಳಾಪಟ್ಟಿಯ ಕಡೆಗೂ ಒಂದು ಹಳೆಯ ರೋಗವಿತ್ತು. ಗಳಿಕೆಯನ್ನು ಯೋಜಿಸಿದ್ದರಿಂದ ಭಾಗಿಸಿ ಸಿಗುವ ಸೂಚಿ, ಎಷ್ಟೇ ತಡವಾಗಿ ಮುಗಿದ ಪ್ರಾಜೆಕ್ಟಿನಲ್ಲೂ ಕೊನೆಯ ದಿನ 1 ಆಗಿಬಿಡುತ್ತದೆ, ಯಾಕೆಂದರೆ ಅಂದು ಎರಡೂ ಒಟ್ಟು ಬಜೆಟ್ಟಿಗೆ ಸಮ. ವರ್ಷ ತಡವಾದ ಕೆಲಸಕ್ಕೂ ಪೂರ್ಣಾಂಕ! ಓಕ್ಲಹೋಮಾದ ಟಿಂಕರ್ ವಾಯುನೆಲೆಯಲ್ಲಿ ಸಾಫ್ಟ್‌ವೇರ್ ವಿಭಾಗದಲ್ಲಿದ್ದ ವಾಲ್ಟ್ ಲಿಪ್ಕೆ 2003ರಲ್ಲಿ ಇದಕ್ಕೆ ಮದ್ದು ಹುಡುಕಿದರು. ಇಷ್ಟು ಗಳಿಕೆ ಯೋಜನೆಯ ಪ್ರಕಾರ ಯಾವ ದಿನಕ್ಕೆ ಆಗಬೇಕಿತ್ತು ಎಂದು ಹಿಂದೆ ಹೋಗಿ ನೋಡು. ಆ ದಿನವೇ ನೀನು ಗಳಿಸಿದ ಕಾಲ. ‘ಅರ್ನ್ಡ್ ಶೆಡ್ಯೂಲ್’ ಎಂದು ಅದಕ್ಕೆ ಹೆಸರು. ಮನುಷ್ಯ ದುಡ್ಡು ಗಳಿಸಿದ, ಲೇತು ಗಂಟೆ ಗಳಿಸಿತು, ಕ್ಷಿಪಣಿ ಬಜೆಟ್ಟು ಗಳಿಸಿತು, ಇಲ್ಲಿ ಕೆಲಸ ಕ್ಯಾಲೆಂಡರಿನ ದಿನಗಳನ್ನೇ ಗಳಿಸತೊಡಗಿತು.

ಇಷ್ಟೆಲ್ಲ ಸರಿಹೋದರೂ ‘ವ್ಯಾಲ್ಯೂ’ ಎಂಬ ಬಾಲ ಉಳಿಯುತ್ತದೆ. ಈ ಲೆಕ್ಕದಲ್ಲಿ ಮೌಲ್ಯ ಅಂದರೆ ಬಜೆಟ್ಟಿನಲ್ಲಿ ಆ ಕೆಲಸಕ್ಕೆ ಇಟ್ಟ ಹಣ, ಅಷ್ಟೇ. 20 ಲಕ್ಷದ ಫೀಚರು ಮುಗಿದರೆ 20 ಲಕ್ಷ ಗಳಿಕೆ. ಒಬ್ಬ ಬಳಕೆದಾರನೂ ಆ ಬಟನ್ ಒತ್ತದಿದ್ದರೂ ಗಳಿಕೆ ಗಳಿಕೆಯೇ. ಅಜೈಲಿನ ಮೊದಲ ತತ್ವದಲ್ಲಿ ಬರುವ ಮೌಲ್ಯ ಬೇರೆ, ಅದು ಬಳಸುವವನಿಗೆ ಆದ ಉಪಯೋಗ. ಇವೆರಡನ್ನೂ ಬೆಸೆಯಲು ‘ಅರ್ನ್ಡ್ ಬಿಸಿನೆಸ್ ವ್ಯಾಲ್ಯೂ’ ಎಂಬ ಕಸಿಯೂ ಆಗಿದೆ, ಫಲ ಅಷ್ಟಾಗಿ ಬಿಟ್ಟಂತಿಲ್ಲ. ಉಪಯೋಗ ಗೊತ್ತಾಗುವುದು ರಿಲೀಸ್ ಆಗಿ ತಿಂಗಳುಗಳ ಮೇಲೆ. ಬಿಲ್ಲು ಮಾತ್ರ ತಿಂಗಳ ಕೊನೆಗೇ ಆಗಬೇಕು. ಗಳಿಕೆಯ ಲೆಕ್ಕ ಹಣಕ್ಕೆ ಸರಿಯಾಗಿ ಕೆಲಸವಾಗಿದೆಯೇ ಎಂದು ಹೇಳುತ್ತದೆ, ಸರಿಯಾದ ಕೆಲಸವಾಗಿದೆಯೇ ಎಂದು ಹೇಳುವುದಿಲ್ಲ. ಆ ಎರಡನೇ ಪ್ರಶ್ನೆಯನ್ನು ಅದಕ್ಕೆ ಕೇಳದಿದ್ದರೆ ಅದರ ಮೇಲೆ ತಕರಾರೂ ಇರುವುದಿಲ್ಲ.

ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ‘ಅರ್ನ್ಡ್’ ಎಂಬ ಪದವನ್ನು ಯಾರೂ ಬಳಸುವುದಿಲ್ಲ, ಆದರೆ ವಸ್ತು ಬ್ರಿಟಿಷರ ಕಾಲದಿಂದ ಇದೆ. ಅಳತೆ ಪುಸ್ತಕ, ಅಂದರೆ ಎಂ.ಬಿ. ಜೂನಿಯರ್ ಇಂಜಿನಿಯರ್ ಸ್ಥಳಕ್ಕೆ ಹೋಗಿ, ಹಾಕಿದ ಕಾಂಕ್ರೀಟಿನ ಉದ್ದ, ಅಗಲ, ದಪ್ಪ ಅಳೆದು ಅದರಲ್ಲಿ ಬರೆಯುತ್ತಾನೆ; ಮೇಲಿನವನು ಮರು ಅಳತೆ ಮಾಡಿ ಸಹಿ ಹಾಕುತ್ತಾನೆ; ಟೆಂಡರಿನ ದರದಿಂದ ಗುಣಿಸಿ ರನ್ನಿಂಗ್ ಬಿಲ್ಲು. ‘ಎಂ.ಬಿ. ಆಗಿಲ್ಲ, ಬಿಲ್ಲಾಗಲ್ಲ’ ಎಂಬ ಮಾತು ಕೇಳದ ಕಂಟ್ರಾಕ್ಟರ್ ಈ ರಾಜ್ಯದಲ್ಲಿಲ್ಲ. ಎಂ.ಬಿ.ಯಲ್ಲಿ ಏನೇನು ಆಟ ನಡೆಯುತ್ತದೆ ಎಂಬುದು ಬೇರೆ ಪುರಾಣ. ಪದ್ಧತಿಯ ಮಟ್ಟಿಗೆ ಅಳೆಯುವವನು ಕಟ್ಟುವವನಲ್ಲ, ಅಳತೆಯ ಮಾನ ಇಬ್ಬರ ಕೈಯಲ್ಲೂ ಇಲ್ಲ.

ಸಾಫ್ಟ್‌ವೇರಿನ ಫಿಕ್ಸೆಡ್ ಪ್ರೈಸ್ ಒಪ್ಪಂದಗಳಲ್ಲಿ ಅಜೈಲ್ ಹೊಕ್ಕ ಮೇಲೆ ತಕರಾರು ಬಂದು ನಿಲ್ಲುವುದು ಅಳೆಯುವವನು ಯಾರು ಎಂಬ ಈ ಪ್ರಶ್ನೆಯಲ್ಲೇ. ಸ್ಪ್ರಿಂಟ್ ರಿವ್ಯೂನಲ್ಲಿ ಡೆಮೊ ಆಗುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ, ತಂಡ ಪಾಯಿಂಟು ‘ಕ್ಲೇಮ್’ ಮಾಡುತ್ತದೆ. ಎರಡು ವಾರ ಕಳೆದು ಗ್ರಾಹಕನ ಕಡೆಯ ಟೆಸ್ಟರ್ ದೋಷ ಹುಡುಕಿದಾಗ, ಅದು ಡನ್ ಆದ ಸ್ಟೋರಿಯ ದೋಷವೋ ಹೊಸ ಬೇಡಿಕೆಯೋ ಎಂದು ವಾದ ಶುರು. ಆ ವಾದದಲ್ಲಿ ಯಾವ ಡ್ಯಾಶ್‌ಬೋರ್ಡೂ ನೆರವಿಗೆ ಬರುವುದಿಲ್ಲ. ನೆರವಿಗೆ ಬರುವುದು ಒಪ್ಪಂದದ ಜೊತೆ ಲಗತ್ತಿಸಿದ ‘ಡೆಫಿನಿಷನ್ ಆಫ್ ಡನ್’, ಮತ್ತು ಅದರ ಕೆಳಗೆ ಯಾರ ಸಹಿ ಇದೆ ಎಂಬುದು. ನಾನು ಓದಿದ ಹಲವು ಒಪ್ಪಂದಗಳಲ್ಲಿ ಆ ಪುಟ ‘ಆಮೇಲೆ ಇಬ್ಬರೂ ಕೂತು ನಿರ್ಧರಿಸತಕ್ಕದ್ದು’ ಎಂದು ಖಾಲಿಯೇ ಇರುತ್ತದೆ.